ಮೇಪಲ್ ಮರದ ಮೇಲೆ ಎರಡು ಸಂಜೆ

ಮೂವತ್ತನಾಲ್ಕು ವರ್ಷ ಅರಣ್ಯ ಇಲಾಖೆಯಲ್ಲಿ ದುಡಿದು, ಎರಡೂ ಮಂಡಿ ಸವೆಸಿಕೊಂಡು ನಿವೃತ್ತನಾದವನು ನಾನು. ಈ ಜನ್ಮಕ್ಕೆ ಕಾಡು ಸಾಕು ಎಂದುಕೊಂಡೇ ಅಮೆರಿಕದ ವಿಮಾನ ಹತ್ತಿದ್ದು. ತಂಗಿ ಪುಷ್ಪಾ ಮದುವೆಯಾದ ಹೊಸದರಿಂದಲೂ ನ್ಯೂಜೆರ್ಸಿಯಲ್ಲೇ ಇದ್ದಾಳೆ. ‘ಅಣ್ಣ, ನೀನೇನೂ ನೋಡ್ಬೇಡ, ಎಲ್ಲೂ ತಿರುಗ್ಬೇಡ. ಒಂದು ತಿಂಗಳು ಬಂದು ಕಾಲು ಚಾಚ್ಕೊಂಡು ಕೂತ್ಕೊ’ ಎಂದು ಕರೆದಿದ್ದಳು. ಕಾಲು ಚಾಚಲೆಂದು ಹೋದವನು ಹದಿನೈದನೇ ದಿನಕ್ಕೆ ಯಾರದೋ ಕಾಡಿನಲ್ಲಿ, ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ ಭಾವನ ಬೂಟು ಹಾಕಿಕೊಂಡು, ಜಿಂಕೆ ಹಿಕ್ಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಹಣೆಬರಹಕ್ಕೆ ವೀಸಾ ಬೇಕಾಗುವುದಿಲ್ಲ.

ಮನ್ರೋ

ಮನ್ರೋದಲ್ಲಿ ಪುಷ್ಪಾಳ ಮನೆಯಿರುವ ಬಡಾವಣೆಯಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನವು. ಮೊದಲ ವಾರ ವಾಕಿಂಗ್ ಮುಗಿಸಿ ಬರುವಾಗ ಎರಡು ಸಲ ಪಕ್ಕದ ಗುಜರಾತಿಯವರ ಬಾಗಿಲು ತಟ್ಟಿದೆ. ಎರಡನೇ ಸಲ ಆ ಮನೆಯಾಕೆ ಬಾಗಿಲನ್ನೂ ತೆಗೆಯದೆ, ಗಾಜಿನ ಒಳಗಿನಿಂದಲೇ ಎಡಕ್ಕೆ ಕೈ ತೋರಿಸಿದರು. ಮನೆ ಹುಡುಕುವುದರಲ್ಲಿ ಹೀಗೆ ಸೋತವನು ಒಂದು ಕಾಲಕ್ಕೆ ಹೆಗ್ಗಡದೇವನಕೋಟೆಯ ಕಾಡಿನಲ್ಲಿ ಕಣ್ಣುಮುಚ್ಚಿ ನಡೆಯುತ್ತಿದ್ದ ಫಾರೆಸ್ಟರ್ ಎಂದರೆ ಯಾರು ನಂಬುತ್ತಾರೆ?

ನಿದ್ದೆ ನನ್ನ ಜೊತೆ ವಿಮಾನ ಹತ್ತಿರಲಿಲ್ಲ. ಮಧ್ಯಾಹ್ನ ಊಟದ ತಟ್ಟೆಯ ಮುಂದೆ ತೂಕಡಿಸುತ್ತಿದ್ದೆ, ಕೋಳಿ ಕೂಗದ ಆ ಊರಿನಲ್ಲಿ ಕೋಳಿ ಕೂಗುವ ಹೊತ್ತಿಗೆ ಎದ್ದು ಅಡುಗೆಮನೆಯ ಕಿಟಕಿಯ ಮುಂದೆ ಕೂರುತ್ತಿದ್ದೆ. ನಾಲ್ಕನೇ ದಿನ ಬೆಳಕು ಹರಿಯುವಾಗ ನೋಡುತ್ತೇನೆ, ಹಿತ್ತಿಲಲ್ಲಿ ಏಳು ಜಿಂಕೆ ನಿಂತು ಪುಷ್ಪಾಳ ಸೇವಂತಿಗೆ ಗಿಡ ಮೇಯುತ್ತಿವೆ. ನಮ್ಮ ಜಿಂಕೆಯ ಹಾಗೆ ಮೈಮೇಲೆ ಚುಕ್ಕಿಯಿಲ್ಲ. ಬೂದುಗಂದು ಮೈ, ಬಾಲದಡಿ ಮಾತ್ರ ಅಚ್ಚ ಬಿಳುಪು.

ನಮ್ಮ ಹೆಗ್ಗಡದೇವನಕೋಟೆಯ ಕಾಡಿನಲ್ಲೂ ಜಿಂಕೆಗೇನು ಬರವಿಲ್ಲ. ಆದರೆ ಅಲ್ಲಿಯ ಜಿಂಕೆ ಒಂದು ತುತ್ತು ಹುಲ್ಲಿಗೆ ನಾಲ್ಕು ಸಲ ತಲೆಯೆತ್ತುತ್ತದೆ. ಹುಲಿಯೋ ಚಿರತೆಯೋ ಕೆನ್ನಾಯಿಯೋ, ಯಾವ ಪೊದೆಯಲ್ಲಿ ಯಾರಿದ್ದಾರೋ. ಇಲ್ಲಿಯವು ಮದುವೆಮನೆಯ ಮೊದಲ ಪಂಕ್ತಿಗೆ ಕೂತವರ ಹಾಗೆ ತಲೆ ತಗ್ಗಿಸಿ ಮೇಯುತ್ತಿದ್ದವು.

‘ಹುಶ್ ಅಂದ್ರೂ ಹೋಗಲ್ಲ ಅಣ್ಣ’ ಎಂದಳು ಪುಷ್ಪಾ, ಕಾಫಿ ತಂದುಕೊಡುತ್ತ. ‘ದಾಸವಾಳ ಹೋಯ್ತು, ಟೊಮೇಟೊ ಹೋಯ್ತು. ಕರಿಬೇವು ಒಳಗಿಟ್ಟಿದ್ದಕ್ಕೆ ಉಳ್ಕೊಂಡಿದೆ.’

ನಾನು ಜೇಬಿನ ನೋಟ್‌ಬುಕ್ ತೆಗೆದು ಬರೆದುಕೊಂಡೆ. ಹೊತ್ತು, ದಿಕ್ಕು, ಹೆಣ್ಣು ಐದು, ಮರಿ ಎರಡು. ಪುಷ್ಪಾ ನಕ್ಕಳು. ‘ನನ್ನ ಸೇವಂತಿಗೆಗೂ ಮಹಜರು ಬರೀತಿದ್ದೀಯಾ?’

ನಗುವ ಮಾತೇ. ಕಾಡಿನಲ್ಲಿ ಪ್ರಾಣಿಯೊಂದು ಸತ್ತು ಬಿದ್ದರೆ ನಾವು ಮಹಜರು ಬರೆಯಬೇಕು. ಯಾವ ಜಾಗ, ತಲೆ ಯಾವ ದಿಕ್ಕಿಗೆ, ಗಂಡೋ ಹೆಣ್ಣೋ, ಗಾಯ ಎಲ್ಲಿ, ಪಂಚರು ಯಾರು. ಕೊನೆಯಲ್ಲಿ ಒಂದು ಸಾಲು: ಸ್ಥಳ ತೋರಿಸಿದವರು. ಹಾಡಿಯ ಜನ, ಹಳ್ಳಿಯ ಜನ ಉಳಿದದ್ದಕ್ಕೆಲ್ಲ ಹೆಬ್ಬೆಟ್ಟು ಒತ್ತುತ್ತಿದ್ದರು. ಈ ಒಂದು ಸಾಲಿಗೆ ಮಾತ್ರ ‘ನನ್ ಹೆಸ್ರು ಬ್ಯಾಡಿ ಸ್ವಾಮಿ’ ಎಂದು ಕೈಮುಗಿದು ನೆಲ ನೋಡುತ್ತಿದ್ದರು. ಸ್ಥಳ ತೋರಿಸಿದವನು ಆಮೇಲೆ ಕೋರ್ಟಿಗೆ ಅಲೆಯಬೇಕಲ್ಲ. ಅವರನ್ನು ಗದರಿಸಿ, ಹೆದರಿಸಿ ಆ ಸಾಲು ತುಂಬಿಸಿದ ಪಾಪ ನನ್ನ ಲೆಕ್ಕದಲ್ಲಿ ಬೇಕಾದಷ್ಟಿದೆ.

ಮೇಘಾ ಬಂದ ದಿನ

ಪುಷ್ಪಾಳ ಮಗಳು ಮೇಘಾ ಇಲ್ಲೇ ಹುಟ್ಟಿ ಬೆಳೆದವಳು. ಮ್ಯಾನ್‌ಹಟನ್‌ನ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ನರ್ಸ್. ಅಲ್ಲಿ ಅವಳಿರುವ ಮನೆಯ ಫೋಟೋ ತೋರಿಸಿದಳು. ನಮ್ಮ ಕಳ್ಳಬೇಟೆ ತಡೆ ಕ್ಯಾಂಪಿನ ಅಡುಗೆ ಕೋಣೆ ಅದಕ್ಕಿಂತ ದೊಡ್ಡದಿತ್ತು. ಆ ವಾರ ರಜೆ ಹಾಕಿ ಬುಧವಾರ ಬಂದವಳು ಕಾರಿನಿಂದ ಬಟ್ಟೆಯ ಚೀಲಕ್ಕಿಂತ ಮೊದಲು ಒಂದು ಉದ್ದನೆಯ ಕಪ್ಪು ಪೆಟ್ಟಿಗೆ ಇಳಿಸಿದಳು. ಒಳಗೆ ಬಿಲ್ಲು. ಎರಡು ತುದಿಗೂ ಸಣ್ಣ ಗಾಲಿಗಳಿರುವ, ನೋಡಲು ಹೊಲಿಗೆ ಯಂತ್ರದ ತಂಗಿಯಂಥ ಬಿಲ್ಲು.

‘ಒಬ್ಬಳೇ ಮಗಳು ಅಂತ ಭರತನಾಟ್ಯ ಕಲಿಸ್ದೆ, ವೀಣೆ ಕಲಿಸ್ದೆ’ ಎಂದಳು ಪುಷ್ಪಾ. ‘ಈಗ ನೋಡಣ್ಣ, ಮರ ಹತ್ತಿ ಕೂರ್ತಾಳೆ. ನಾಳೆ ಗಂಡಿನ ಕಡೆಯವರು ಹಾಬಿ ಏನು ಅಂದ್ರೆ ಏನು ಹೇಳ್ಲಿ?’

‘ಗಾರ್ಡನಿಂಗ್‌ಗೆ ಹೆಲ್ಪ್ ಮಾಡ್ತಾಳೆ ಅಂತ ಹೇಳಮ್ಮ’ ಎಂದಳು ಮೇಘಾ.

ವಿಷಯ ಇಷ್ಟು. ಇಪ್ಪತ್ತು ನಿಮಿಷದ ದೂರದಲ್ಲಿ ಗ್ಯಾರಿ ಎಂಬ ಮುದುಕನ ಸಸಿತೋಟವಿದೆ. ಅಂಗಳದಲ್ಲಿ ನೆಡುವ ಅಲಂಕಾರದ ಮರಗಳನ್ನು ಅವನು ಸಾಲಾಗಿ ಬೆಳೆಸಿ ಮಾರುತ್ತಾನೆ. ತೋಟದ ಬೆನ್ನಿಗೆ ಒಂದು ತುಂಡು ಕಾಡು. ಕಾಡಿನ ಜಿಂಕೆಗಳು ಸಂಜೆ ಇಳಿದು ಬಂದು ಸಸಿಗಳ ಕುಡಿ ಚಿವುಟಿ ಹೋಗುತ್ತವೆ. ಅದಕ್ಕೇ ಗ್ಯಾರಿ ಮೇಘಾಳಿಗೆ ಅಲ್ಲಿ ಬೇಟೆಗೆ ಕೂರಲು ಒಪ್ಪಿಗೆ ಕೊಟ್ಟಿದ್ದ. ಮೂರು ವರ್ಷವಾಯಿತು, ಅವಳ ಕೈಗೆ ಒಂದೂ ಜಿಂಕೆ ಬಿದ್ದಿಲ್ಲ. ಈ ಭಾನುವಾರದೊಳಗೆ ಒಂದಾದರೂ ಹೆಣ್ಣು ಜಿಂಕೆ ಹೊಡೆಯದಿದ್ದರೆ ಸೋಮವಾರ ಕಾಡನ್ನು ಬೇರೆ ನಾಲ್ವರಿಗೆ ಬಿಟ್ಟುಕೊಡುತ್ತೇನೆ ಎಂದು ಅವನು ಹೇಳಿಬಿಟ್ಟಿದ್ದ. ಲೈಸೆನ್ಸು, ಋತು, ನಿಯಮ ಎಲ್ಲ ಸರಿಯಾಗಿಯೇ ಇತ್ತು. ಇಲ್ಲದ್ದು ಜಿಂಕೆ ಮಾತ್ರ.

‘ಮಾಮ, ನಂಗೆ ನಿಮ್ಮ ಕಣ್ಣು ಬೇಕು’ ಎಂದಳು. ‘ಜಿಂಕೆ ಹೆಜ್ಜೆ, ಹಿಕ್ಕೆ, ಫ್ರೆಶ್ ಸೈನ್ ಎಲ್ಲಿದೆ ನೋಡಿ, ನಾನು ಕೂರೋ ಸ್ಟ್ಯಾಂಡ್ ಯಾವ ಮರಕ್ಕೆ ಕಟ್ಟಬೇಕು ಹೇಳಿ. ಅಷ್ಟೆ.’

‘ನಾನು ಜೀವಮಾನವೆಲ್ಲ ಕಳ್ಳಬೇಟೆಯವರು ಮರದ ಮೇಲೆ ಕಟ್ಟಿದ ಅಟ್ಟಣೆ ಕಿತ್ತವನು ಕಣೇ, ಕಟ್ಟಿದವನಲ್ಲ.’

‘ಎಕ್ಸಾಕ್ಟ್ಲಿ. ಎಲ್ಲಿ ಕಟ್ತಾರೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?’

ಇಲ್ಲ ಎನ್ನಬೇಕಿತ್ತು, ಅನ್ನಲಿಲ್ಲ. ಇಡೀ ಕಥೆಯಲ್ಲಿ ನಾನು ಮಾಡಿದ ಮೊದಲ ತಪ್ಪು ಅದು.

ಗುರುವಾರ, ಗ್ಯಾರಿಯ ಕಾಡು

ಬೇಟೆಗೆ ಹೊರಡುವ ಅಮೆರಿಕದವರ ಮಡಿ ನಮ್ಮ ಅಜ್ಜಿಯ ಮಡಿಗಿಂತ ಹೆಚ್ಚು. ವಾಸನೆಯಿಲ್ಲದ ಸೋಪಿನಲ್ಲಿ ಸ್ನಾನ, ವಾಸನೆಯಿಲ್ಲದ ಪುಡಿಯಲ್ಲಿ ಒಗೆದ ಬಟ್ಟೆ. ಆ ಬಟ್ಟೆ ಮನೆಯೊಳಗೆ ಬರುವಂತಿಲ್ಲ. ಮೊದಲ ವರ್ಷ ಮೇಘಾ ಅದನ್ನು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಒಣಗಿಸಿದ್ದಳಂತೆ. ಪುಷ್ಪಾಳ ಇಂಗು, ಬೆಳ್ಳುಳ್ಳಿ ಒಗ್ಗರಣೆ ಮೈತುಂಬಿಕೊಂಡು ಹೋಗಿ ಮರವೇರಿದರೆ ಯಾವ ಜಿಂಕೆ ಬಂದೀತು? ಈಗ ಬಟ್ಟೆಯೆಲ್ಲ ಹಿತ್ತಿಲ ಕಟ್ಟೆಯ ಮೇಲೆ, ತರಗೆಲೆ ತುಂಬಿದ ಮುಚ್ಚಳದ ಡಬ್ಬಿಯಲ್ಲಿ. ನನಗೂ ಬೆಳಿಗ್ಗೆ ಬರೀ ಮೊಸರನ್ನವೇ ಗತಿಯಾಯಿತು. ಮೇಘಾ ಜೇಬಿಗೆ ಚಾಕು, ಹಗ್ಗ, ಒಂದು ಪುಟ್ಟ ಪ್ಲಾಸ್ಟಿಕ್ ಸೀಸೆ ಹಾಕಿಕೊಂಡಳು. ಸೀಸೆಯಲ್ಲಿರುವುದು ಶೀತಕ್ಕೆ ಮೂಗಿಗೆ ಬಿಡುವ ಔಷಧಿ ಎಂದುಕೊಂಡೆ.

ಕಾರಿನಲ್ಲಿ ಕೇಳಿದೆ, ‘ಬೇಟೆಯ ಹುಚ್ಚು ನಿನಗೆಲ್ಲಿಂದ ಹತ್ತಿತು?’

‘ಆಸ್ಪತ್ರೆಲಿ ಹನ್ನೆರಡು ಗಂಟೆ ಎಲ್ಲರೂ ನನ್ನ ಹೆಸರು ಕೂಗ್ತಿರ್ತಾರೆ ಮಾಮ. ಮೆಷಿನ್‌ಗಳೂ ಕೂಗ್ತವೆ. ಮರದ ಮೇಲೆ ಯಾರೂ ಕೂಗಲ್ಲ. ನಂಗೆ ಇರೋದು ಇದೊಂದೇ ಜಾಗ.’

‘ಅಷ್ಟಕ್ಕೆ ಜಿಂಕೆ ಹೊಡೀಬೇಕಾ? ಸುಮ್ನೆ ಕೂತೆದ್ದು ಬಾ.’

‘ಸುಮ್ನೆ ಕೂರೋಕೆ ಗ್ಯಾರಿ ಬಿಡಲ್ವಲ್ಲ. ಮತ್ತೆ, ನಾನು ಮಾಂಸ ತಿಂತೀನಿ ಮಾಮ. ಪ್ಯಾಕೆಟ್‌ನಲ್ಲಿ ಬಂದಿದ್ದನ್ನ ತಿಂತೀನಿ. ಒಂದ್ಸಲನಾದ್ರೂ ನಾನೇ ಕೊಂದು, ನಾನೇ ನೋಡ್ಬೇಕು. ಅದೇ ಫೇರ್ ಅಲ್ವಾ?’

ಯುಗಾದಿಯ ಮರುದಿನ ಹೊಸತೊಡಕಿಗೆ ಕುರಿ ಕಡಿಯುವಾಗ ಒಳಗೆ ರೇಡಿಯೋ ಜೋರು ಮಾಡಿಕೊಂಡು ಕೂತು, ಊಟಕ್ಕೆ ಮಾತ್ರ ಮೊದಲ ಎಲೆಗೆ ಓಡುತ್ತಿದ್ದವನು ನಾನು.

ಗ್ಯಾರಿ ಕೊಟ್ಟಿಗೆಯ ಮುಂದೆ ನಿಂತಿದ್ದ. ಕೈ ಕುಲುಕಲಿಲ್ಲ, ನನ್ನ ಬೂಟು ನೋಡಿದ. ಬೆಚ್ಚಗಿನ ಸೇಬಿನ ರಸ ಕೊಟ್ಟು, ಕುಡಿದು ಮುಗಿಸುವವರೆಗೂ ಮಾತಾಡಲಿಲ್ಲ. ನಮ್ಮ ಕಡೆ ಮನೆಗೆ ಬಂದವರನ್ನು ಊರು, ಕೇರಿ, ಮಕ್ಕಳೆಷ್ಟು ಎಂದು ಜಾಲಾಡಿದ ಮೇಲೆ ಕಾಫಿ ಬರುತ್ತದೆ. ಇವನು ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: ‘ಭಾನುವಾರ ಅಂದೆ, ನೆನಪಿದೆ ತಾನೆ?’ ಮೇಘಾ ತಲೆಯಾಡಿಸಿದಳು.

ಕಾಡಿಗೆ ಕಾಲಿಟ್ಟೊಡನೆ ಸುಸ್ತು ಬಿಟ್ಟುಹೋಯಿತು ಎಂದೇನೂ ಬರೆಯಲಾರೆ. ಮಂಡಿ ನೋಯುತ್ತಿತ್ತು, ಮೂಗು ಸೋರುತ್ತಿತ್ತು. ಆದರೆ ಕಣ್ಣು ನನ್ನ ಮಾತು ಕೇಳದೆ ತನ್ನ ಪಾಡಿಗೆ ಕೆಲಸ ಶುರುಮಾಡಿತ್ತು. ಅದು ಮೊದಲು ಕಂಡದ್ದು ಜಿಂಕೆಯ ಗುರುತನ್ನಲ್ಲ. ಆ ಕಾಡಿನಲ್ಲಿ ಮರಿಮರಗಳೇ ಇರಲಿಲ್ಲ. ಆಕಾಶ ಮುಟ್ಟುವ ಓಕ್ ಮರಗಳು, ಅವುಗಳ ಕೆಳಗೆ ನನ್ನ ಎದೆಯೆತ್ತರದವರೆಗೂ ಬೋಳು. ಮೊಳೆತದ್ದನ್ನೆಲ್ಲ ಜಿಂಕೆ ತಿಂದುಹಾಕಿತ್ತು. ಮಕ್ಕಳಿಲ್ಲದ ಊರಿನ ಹಾಗಿತ್ತು ಆ ಕಾಡು.

ಆಮೇಲೆ ಗುರುತುಗಳು. ಒಂದು ಸಣ್ಣ ತೊರೆ, ಅದರ ದಂಡೆಗುಂಟ ಪಡುವಣದ ಮುಳ್ಳುಪೊದೆಯಿಂದ ಮೂಡಣದ ಸಸಿತೋಟಕ್ಕೆ ಹೋಗುವ ಜಾಡು. ಮಂಗಳವಾರ ಮಳೆ ಬಂದಿತ್ತು. ಗೊರಸಿನ ಗುರುತಿನ ಅಂಚು ಇನ್ನೂ ಕುಸಿದಿರಲಿಲ್ಲ, ಅಂದರೆ ಹಿಂದಿನ ಸಂಜೆಯದು. ದೊಡ್ಡ ಓಕ್ ಮರದಡಿ ಕಾಯಿ ಉದುರಿತ್ತು. ಅರ್ಧ ಅಗಿದು ಉಗಿದ ಕಾಯಿಯ ಒಳಗು ಇನ್ನೂ ಕಪ್ಪಾಗಿರಲಿಲ್ಲ. ಹಿಕ್ಕೆ ಹೊಳೆಯುತ್ತಿತ್ತು. ಕಡ್ಡಿಯಲ್ಲಿ ಮುರಿದು ನೋಡಿದೆ, ಒಳಗೆ ಹಸಿರು, ಹಸಿ. ಹೆಣ್ಣುಗಳು ಮೂರೋ ನಾಲ್ಕೋ, ದಿನವೂ ಇದೇ ದಾರಿ, ಇದೇ ಹೊತ್ತು.

ಇಷ್ಟೆಲ್ಲ ನನಗೆ ಕಲಿಸಿದವನು ವಾಚರ್ ಮಾದಯ್ಯ. ‘ಗಾಳಿ ಕೇಳ್ದೆ ಕೂತೋನು ಕಾಗ್ದ ಹಾಕಿ ಬಂದ ನೆಂಟ ಕಣಪ್ಪೋ, ಕಾಡ್ಗೆಲ್ಲ ಮೊದ್ಲೇ ಗೊತ್ತು’ ಎನ್ನುತ್ತಿದ್ದ. ಒಣ ಎಲೆ ಪುಡಿಮಾಡಿ ಬಿಟ್ಟೆ. ಗಾಳಿ ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತಿತ್ತು. ಹಾಗಾದರೆ ಕೂರಬೇಕಾದದ್ದು ಜಾಡಿನ ದಕ್ಷಿಣಕ್ಕೆ. ಹಿಕ್ಕೆ ಬಿದ್ದಲ್ಲೇ ಅಲ್ಲ, ಸ್ವಲ್ಪ ಸರಿದು, ನಮ್ಮ ವಾಸನೆ ಜಾಡಿಗೆ ಬಡಿಯದ ಕಡೆ. ಇಪ್ಪತ್ತು ಹೆಜ್ಜೆಯಲ್ಲಿ ಬುಡದಿಂದಲೇ ಎರಡಾಗಿ ಕವಲೊಡೆದ ಒಂದು ಸೊಟ್ಟ ಓಕ್ ಮರವಿತ್ತು. ಅದೇ ಮರ. ನನಗೆ ಸಂದೇಹವೇ ಇರಲಿಲ್ಲ.

‘ಯಾವುದು ಮಾಮ?’

ನನ್ನ ಬೆರಳು ಉತ್ತರಕ್ಕೆ ಹೋಯಿತು. ಅಲ್ಲೊಂದು ಮೇಪಲ್ ಮರ ನೆಟ್ಟಗೆ, ದಪ್ಪಗೆ, ಸಿಂಹಾಸನ ಹಾಕಿಸಿಕೊಳ್ಳಲು ಕಾದಂತೆ ನಿಂತಿತ್ತು. ನೋಡಲು ಲಕ್ಷಣವಾದ ಮರ, ಆದರೆ ಅಲ್ಲಿ ಕೂತವಳ ವಾಸನೆಯನ್ನೆಲ್ಲ ಗಾಳಿ ಹೊತ್ತು ನೇರ ಜಾಡಿನ ಮೇಲೆ ಸುರಿಯುತ್ತದೆ.

‘ಅದು’ ಎಂದೆ.

ಮೇಘಾ ನನ್ನ ಮುಖ ನೋಡಿದಳು, ಮರ ನೋಡಿದಳು. ‘ಓಕೆ ಮಾಮ’ ಎಂದು ಸ್ಟ್ಯಾಂಡು ಹೊತ್ತು ನಡೆದಳು. ಅವಳು ಏಣಿ ಕಟ್ಟುವಾಗ ಬುಡ ಹಿಡಿದುಕೊಂಡು ನಿಂತೆ. ಸೊಂಟದ ಬೆಲ್ಟು ಎರಡೆರಡು ಸಲ ಎಳೆದು ನೋಡಿದೆ. ಸುಳ್ಳು ಹೇಳಿದವನಿಗೆ ಉಪಚಾರ ಜಾಸ್ತಿ.

ಎರಡು ಸಂಜೆ

ಗುರುವಾರ ಸಂಜೆ ಅವಳು ಮೇಪಲ್ ಮರದ ಮೇಲೆ, ನಾನು ಕೊಟ್ಟಿಗೆಯ ಪಕ್ಕ ಕಾರಿನಲ್ಲಿ. ಎರಡು ಕೋಟು, ಒಂದು ಕಂಬಳಿ ಹೊದ್ದರೂ ಚಳಿ ಮೂಳೆಗೆ ಇಳಿಯಿತು. ಹೊತ್ತು ಮುಳುಗುವ ಮುಂಚೆ ಕಾಡಿನಿಂದ ‘ಫೂ’ ಎಂದು ಜೋರಾಗಿ ಮೂಗೂದಿದ ಸದ್ದು ಬಂತು. ನಮ್ಮ ಕಡವೆ ಕೂಗಿದ ಹಾಗಲ್ಲ, ಆದರೆ ಅರ್ಥ ಅದೇ: ಮನುಷ್ಯ ಇದ್ದಾನೆ, ಓಡಿ. ನನಗೆ ಸಮಾಧಾನವಾಯಿತು. ಸುಳ್ಳು ಹೇಳಬಾರದು, ಖುಷಿಯೇ ಆಯಿತು.

ಶುಕ್ರವಾರವೂ ಅದೇ ಮರ, ಅದೇ ಗಾಳಿ. ಎರಡು ಹೆಣ್ಣು ನೂರು ಹೆಜ್ಜೆ ದೂರದವರೆಗೆ ಬಂದು, ಕಾಲು ನೆಲಕ್ಕೆ ಬಡಿದು ತಿರುಗಿ ಹೋದವಂತೆ. ಇಳಿದು ಬಂದಾಗ ಮೇಘಾಳ ತುಟಿ ನೇರಳೆಯಾಗಿತ್ತು, ಕಾರಿನ ಕೀಲಿ ತಿರುಗಿಸಲೂ ಬೆರಳು ಬಗ್ಗುತ್ತಿರಲಿಲ್ಲ. ಗ್ಯಾರಿ ಕಿಟಕಿಯ ಹತ್ತಿರ ಬಂದು ಹಿಂದಿನ ಸೀಟು ನೋಡಿದ, ಏನೂ ಇಲ್ಲ ಎಂದು ಕಂಡು ಹೋದ. ಅವಳು ಯಾರ ಮೇಲೂ ದೂರು ಹೇಳಲಿಲ್ಲ.

ಮನೆಯಲ್ಲಿ ಪುಷ್ಪಾ ಬಿಸಿ ಹುರುಳಿಸಾರು ಬಡಿಸಿದಳು. ನಾಲ್ಕು ತುತ್ತಿಗೆ ಮೇಘಾ ಕೂತಲ್ಲೇ ನಿದ್ದೆಹೋದಳು. ಪುಷ್ಪಾ ಮಗಳ ಕೈಯಿಂದ ಚಮಚ ಬಿಡಿಸಿ ನನ್ನ ಕಡೆ ನೋಡಿದಳು. ‘ಅವಳಿಗೆ ಆ ಜಾಗ ತಪ್ಪಿದ್ರೆ ತುಂಬಾ ನೊಂದ್ಕೋತಾಳೆ ಅಣ್ಣ. ನಂಗಿಷ್ಟ ಇಲ್ಲ, ನಿಜ. ಆದ್ರೂ ಮಾಮ ಬಂದಿದ್ದಾರೆ, ಈ ಸಲ ಸಿಗುತ್ತೆ ಅಂತ ಫ್ರೆಂಡ್ಸಿಗೆಲ್ಲ ಹೇಳ್ಕೊಂಡಿದಾಳೆ.’

ಜಿಂಕೆ ಉಳಿಸಿದೆ ಎಂಬ ಹೆಮ್ಮೆ ಎಲ್ಲಿ ಹೋಯಿತೋ, ನಾಚಿಕೆಯೊಂದೇ ಉಳಿಯಿತು.

ಶನಿವಾರ

ಬೆಳಿಗ್ಗೆ ಹತ್ತಕ್ಕೆ ಮೇಘಾ ನನ್ನನ್ನು ಮತ್ತೆ ಕಾಡಿಗೆ ಕರೆದುಕೊಂಡು ಹೋದಳು. ಬಿಲ್ಲು ತಂದಿರಲಿಲ್ಲ. ಮೇಪಲ್ ಮರದ ಕೆಳಗೆ ನಿಂತು ಜೇಬಿನಿಂದ ಆ ಪುಟ್ಟ ಸೀಸೆ ತೆಗೆದಳು. ಮೂಗಿಗೆ ಹಿಡಿಯಲಿಲ್ಲ. ಗಾಳಿಗೆ ಹಿಡಿದು ಒತ್ತಿದಳು. ಬಿಳಿ ಪುಡಿ ಹೊಗೆಯಂತೆ ಚಿಮ್ಮಿತು, ನಿಧಾನಕ್ಕೆ ತೇಲುತ್ತ ದಕ್ಷಿಣಕ್ಕೆ ಹೋಗಿ ಜಾಡಿನ ಮೇಲೆಯೇ ಕರಗಿತು.

‘ಗಾಳಿ ನೋಡೋಕೆ ಇದು, ಮಾಮ.’

ನನ್ನ ಕಿವಿ ಬಿಸಿಯಾಯಿತು. ‘ಯಾವಾಗ ನೋಡ್ದೆ?’

‘ಗುರುವಾರ. ಮೇಲೆ ಹತ್ತಿ ಹತ್ತು ನಿಮಿಷಕ್ಕೆ.’

‘ಮತ್ಯಾಕೆ ಕೂತೆ?’

‘ತರ್ಟಿ ಫೋರ್ ಇಯರ್ಸ್ ನಿಮ್ದು. ನಂಗೆ ಗೊತ್ತಿಲ್ದೇ ಇರೋದು ನಿಮಗೇನೋ ಗೊತ್ತಿರುತ್ತೆ ಅಂದ್ಕೊಂಡೆ. ಸಂಜೆ ಗಾಳಿ ತಿರುಗುತ್ತೇನೋ ಅಂತ ಕಾದೆ.’

‘ನಿನ್ನೆ?’

‘ನಿನ್ನೆ ಅರ್ಥ ಆಯ್ತು ನಿಮಗಿಷ್ಟ ಇಲ್ಲ ಅಂತ. ನೀವೇ ಹೇಳ್ತೀರಿ ಅಂತ ಕೂತೆ.’ ಅವಳು ಸೀಸೆಯ ಮುಚ್ಚಳ ತಿರುಗಿಸಿದಳು. ಸಿಟ್ಟಿರಲಿಲ್ಲ, ಅದೇ ಕಷ್ಟವಾದದ್ದು. ‘ಆಗಲ್ಲ ಅಂದಿದ್ರೆ ಸ್ವಲ್ಪ ಬೇಜಾರಾಗ್ತಿತ್ತು, ದಟ್ಸ್ ಆಲ್. ಈಗ್ಲೂ ಬೇಡ ಅನ್ನಿ, ಗ್ಯಾರಿಗೆ ಫೋನ್ ಮಾಡಿ ಹೇಳ್ತೀನಿ. ಆದ್ರೆ ಸುಳ್ಳು ಮರ ತೋರಿಸ್ಬಾರ್ದಿತ್ತು ಮಾಮ.’

ಸರ್ವೀಸಿನಲ್ಲಿದ್ದಾಗ, ಪ್ರಾಣಿಗೆ ಉರುಳು ಹಾಕಿದ ಜಾಗ ಎಲ್ಲಿ ಎಂದು ಕೇಳಿದ್ದಕ್ಕೆ ಬೇರೊಬ್ಬ ವಾಚರ್ ಸುಳ್ಳು ಜಾಗ ತೋರಿಸಿದ್ದ. ಉರುಳು ಹಾಕಿದವನು ಅವನ ಷಡ್ಡಕ. ಏನು ಹೇಳಿದರೂ ಕೇಳದೆ ನಾನು ಅವನನ್ನು ಕೆಲಸದಿಂದ ತೆಗೆಸಿದ್ದೆ. ಇಷ್ಟು ವರ್ಷ ಅವನ ಮುಖ ನೆನಪಿಗೆ ಬಂದಿರಲಿಲ್ಲ. ಅಲ್ಲಿ, ಆ ಮೇಪಲ್ ಮರದ ಕೆಳಗೆ, ಸ್ಪಷ್ಟವಾಗಿ ಬಂತು.

‘ತಪ್ಪಾಯ್ತು ಕಣೇ’ ಎಂದೆ.

ತೊರೆಯ ದಂಡೆಯ ಮೇಲೆ ಸ್ವಲ್ಪ ಹೊತ್ತು ಕೂತೆವು. ಇವಳು ಹೊಡೆಯದಿದ್ದರೆ ಸೋಮವಾರ ಆ ನಾಲ್ವರು ಹೇಗೂ ಬರುತ್ತಾರೆ, ಮೆಕ್ಕೆಜೋಳ ಸುರಿದು ರಾಶಿಯ ಮುಂದೆ ಕೂತು ಹೊಡೆಯುತ್ತಾರಂತೆ. ಅವರು ಬಾರದಿದ್ದರೂ ಮರಿಮರವಿಲ್ಲದ ಈ ಕಾಡು ಮುಂದೊಂದು ದಿನ ಮುದುಕರ ಜೊತೆಗೇ ಮುಗಿಯುತ್ತದೆ. ಇವಳು ನನ್ನನ್ನು ನಂಬಿ ಎರಡು ಸಂಜೆ ಚಳಿಯಲ್ಲಿ ಕೂತಳು. ಈ ಮೂರರಲ್ಲಿ ಯಾವುದು ನನ್ನನ್ನು ಎಬ್ಬಿಸಿತು ಎಂದು ಈಗಲೂ ಹೇಳಲಾರೆ. ದಣಿದಿದ್ದೆ ಎನ್ನುವುದೂ ಒಂದು ಕಾರಣ. ಸುಳ್ಳು ಹೊರುವುದಕ್ಕೂ ಮಂಡಿ ಗಟ್ಟಿಯಿರಬೇಕು.

ಎದ್ದು ಜಾಡು ತುಳಿಯದಂತೆ ಸುತ್ತಿಕೊಂಡು ದಕ್ಷಿಣಕ್ಕೆ ಹೋಗಿ ಸೊಟ್ಟ ಓಕ್ ಮರದ ಮೇಲೆ ಕೈಯಿಟ್ಟೆ. ‘ಇದು’ ಎಂದೆ. ಬಾಯಿ ಬಿಟ್ಟ ಮೇಲೆ ಎಲ್ಲವನ್ನೂ ಹೇಳಿದೆ. ಎರಡು ಕವಲಿನ ನಡುವೆ ಬೆನ್ನು ಕೊಟ್ಟರೆ ಮನುಷ್ಯನ ಆಕಾರ ಕಾಣುವುದಿಲ್ಲ. ಜಾಡಿಗೆ ಇಪ್ಪತ್ತು ಹೆಜ್ಜೆ, ನಿನ್ನ ಬಾಣಕ್ಕೆ ಅಷ್ಟು ಸಾಕು. ಬರುವಾಗ ತೊರೆಯ ಕಡೆಯಿಂದ ಬರಬೇಡ, ಗ್ಯಾರಿಯ ಟ್ರ್ಯಾಕ್ಟರ್ ದಾರಿ ಹಿಡಿ. ಗಾಳಿ ತಿರುಗಿದರೆ ಆಸೆ ಬಿಟ್ಟು ಇಳಿದುಬಿಡು. ಮೇಘಾ ಪಾಠ ಕೇಳುವ ಹಾಗೆ ಕೇಳಿದಳು. ಸ್ಟ್ಯಾಂಡು ಬಿಚ್ಚಿ ತಂದು ಕಟ್ಟಿದೆವು. ಅಡ್ಡ ಬಂದ ಒಂದು ಕೊಂಬೆಯನ್ನು ನಾನೇ ಗರಗಸದಲ್ಲಿ ಕೊಯ್ದೆ. ಅಟ್ಟಣೆ ಕಟ್ಟುವುದು ಕೀಳುವುದಕ್ಕಿಂತ ಎಷ್ಟೋ ಕಷ್ಟದ ಕೆಲಸ.

ಭಾನುವಾರ

ಟ್ರ್ಯಾಕ್ಟರ್ ದಾರಿಯ ಕೊನೆಯಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದೆ. ಗಾಳಿ ಉತ್ತರದ್ದೇ. ಸಂಜೆ ಬಿಸಿಲು ಮರಗಳ ನೆತ್ತಿಗೆ ಏರಿದಾಗ ‘ಠಪ್’ ಎಂದು ತಂತಿಯ ಸದ್ದು, ಎಲೆಗಳ ಮೇಲೆ ಓಟ, ಆಮೇಲೆ ಏನೂ ಇಲ್ಲ. ಫೋನು ಗುರ್ ಎಂದಿತು. ‘ಮಾಮ. ಬನ್ನಿ.’

ಅವಳು ಇಳಿದು ಬೇರಿನ ಮೇಲೆ ಕೂತಿದ್ದಳು. ಕೂಡಲೇ ಹೋಗಬಾರದಂತೆ, ಅರ್ಧ ಗಂಟೆ ಕಾಯಬೇಕಂತೆ. ಸಾಯುತ್ತಿರುವುದನ್ನು ಬೆನ್ನಟ್ಟಿ ಹೆದರಿಸಬಾರದು ಎಂಬುದು ಇಲ್ಲಿಯ ಒಳ್ಳೆಯ ಬೇಟೆಗಾರರ ನಡತೆ. ಅಷ್ಟು ಉದ್ದನೆಯ ಅರ್ಧ ಗಂಟೆ ನನ್ನ ಸರ್ವೀಸಿನಲ್ಲೇ ಇರಲಿಲ್ಲ.

ರಕ್ತದ ಜಾಡು ಹಿಡಿದು ನಾನು ಮುಂದೆ ನಡೆದೆ. ತೊರೆಯಾಚೆ, ನಲವತ್ತು ಹೆಜ್ಜೆಗೆ ಬಿದ್ದಿತ್ತು. ನನಗೆ ಬೇಡವೆಂದರೂ ತಲೆಯೊಳಗೆ ಮಹಜರು ಶುರುವಾಯಿತು. ಹೆಣ್ಣು. ಅಂದಾಜು ಮೂರು ವರ್ಷ. ತಲೆ ಮೂಡಣಕ್ಕೆ. ಬಲ ಭುಜದ ಹಿಂದೆ ಒಂದೇ ಗಾಯ. ಮೇಘಾ ಮಂಡಿಯೂರಿ ಅದರ ಕುತ್ತಿಗೆಗೆ ಎರಡು ಬೆರಳಿಟ್ಟಳು, ಆಸ್ಪತ್ರೆಯಲ್ಲಿ ನಾಡಿ ನೋಡುವ ಹಾಗೆ. ತುಂಬ ಹೊತ್ತು ತೆಗೆಯಲಿಲ್ಲ. ‘ಸಾರಿ’ ಎಂದಳು, ಅತ್ತಳು. ನಾನು ಪಕ್ಕದಲ್ಲಿ ಕೂತೆ. ನನ್ನ ಕಣ್ಣೂ ತುಂಬಿತ್ತು. ಸತ್ತ ಜಿಂಕೆ ಎಷ್ಟು ಕಂಡಿಲ್ಲ ನಾನು, ಆದರೆ ಯಾವುದರ ಸಾವಿನಲ್ಲೂ ನನ್ನ ಕೈ ಇರಲಿಲ್ಲ.

ಆಮೇಲೆ ಅವಳು ಕಣ್ಣೊರೆಸಿ ಫೋನಿನಲ್ಲಿ ಸರ್ಕಾರಕ್ಕೆ ತಿಳಿಸಿದಳು. ಹೆಣ್ಣು, ಬಿಲ್ಲು, ಇಂಥ ಕೌಂಟಿ. ಒಂದು ನಂಬರು ಬಂತು.

‘ಮುಗೀತಾ?’

‘ಮುಗೀತು ಮಾಮ.’

‘ಪಂಚರು ಬೇಡ್ವಾ? ಸಾಕ್ಷಿ?’

‘ಯಾರೂ ಬೇಡ. ನಾವು ಹೇಳಿದ್ದನ್ನ ನಂಬ್ತಾರೆ.’

ಅವಳು ಚುಚ್ಚಲೆಂದು ಹೇಳಿದ್ದಲ್ಲ. ಆದರೂ ಚುಚ್ಚಿತು.

ಗ್ಯಾರಿ ಟ್ರ್ಯಾಕ್ಟರ್ ತಂದ. ಇಳಿದು, ಟೋಪಿ ತೆಗೆದು, ಜಿಂಕೆಯ ಮುಂದೆ ಒಂದು ಗಳಿಗೆ ನಿಂತ. ‘ಮುಂದಿನ ವರ್ಷವೂ ಜಾಗ ನಿನ್ನದೇ’ ಎಂದು ಮೇಘಾಳಿಗೆ ಹೇಳಿದ. ಆಮೇಲೆ ಸೊಟ್ಟ ಓಕ್ ಮರದ ಕಡೆ ನೋಡಿ, ಆ ಮರ ಆರಿಸಿದ್ದು ಯಾರು, ಮೂರು ವರ್ಷದಿಂದ ಇವಳ ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂದು ಕೇಳಿದ. ಮೇಘಾ ನನ್ನ ಕಡೆ ನೋಡಿದಳು.

ನಾನು ನೆಲ ನೋಡಿದೆ. ಕೈ ಮುಗಿಯಲಿಲ್ಲ, ಅಷ್ಟೇ ವ್ಯತ್ಯಾಸ.

ಊಟದ ಮೇಜು

ತನ್ನ ಪಾತ್ರೆಯಲ್ಲಿ ಇದನ್ನು ಬೇಯಿಸುವುದಿಲ್ಲ ಎಂದಿದ್ದ ಪುಷ್ಪಾ ಕೊನೆಗೆ ತಾನೇ ಮೆಣಸು, ಕೊತ್ತಂಬರಿ ಅರೆದಳು. ಬೇಟೆ ಬಟ್ಟೆಗೆ ವಾಸನೆ ತಗಲೀತೆಂಬ ಭಯವಿಲ್ಲದೆ, ಮೂರು ವರ್ಷದ ಮೇಲೆ ಆ ಮನೆಯ ಬಾಗಿಲು ಕಿಟಕಿ ತೆರೆದಿಟ್ಟು ಬೆಳ್ಳುಳ್ಳಿ ಒಗ್ಗರಣೆ ಬಿತ್ತು. ‘ಮೊದಲ ಎಲೆ ಮಾಮಂಗೆ’ ಎಂದು ಮೇಘಾ ನನ್ನ ತಟ್ಟೆಗೆ ಬಡಿಸಿದಳು. ಸ್ವಲ್ಪವೇ ತಿಂದೆ. ಚೆನ್ನಾಗಿತ್ತು ಎಂದು ಬರೆಯಲು ಸಂಕೋಚ, ಆದರೆ ಚೆನ್ನಾಗಿತ್ತು.

ತಾಯಿ ಮಗಳು ಪಾತ್ರೆ ತೊಳೆಯುತ್ತಿದ್ದಾಗ ಅದೇ ಮೇಜಿನ ಮೇಲೆ ನೋಟ್‌ಬುಕ್ ಬಿಚ್ಚಿದೆ. ಯಾರೂ ಕೇಳಿರಲಿಲ್ಲ, ಯಾವ ಕೋರ್ಟಿಗೂ ಬೇಕಿರಲಿಲ್ಲ. ಆದರೂ ಕ್ರಮವಾಗಿ ಬರೆದೆ. ಸ್ಥಳ: ಗ್ಯಾರಿಯವರ ಕಾಡು, ತೊರೆಯ ಉತ್ತರ ದಂಡೆ. ಪ್ರಾಣಿ: ಜಿಂಕೆ, ಹೆಣ್ಣು. ಗಾಯ: ಒಂದು. ಆರೋಪಿ: ಇಲ್ಲ, ಪರವಾನಗಿ ಇದೆ. ಪಂಚರು: ಬೇಕಾಗಿಲ್ಲ.

ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಎಷ್ಟು ಜನರ ಹೆಬ್ಬೆಟ್ಟನ್ನು ಹಿಡಿದೆಳೆದು ಈ ಸಾಲಿನ ಮೇಲೆ ಒತ್ತಿಸಿಲ್ಲ ನಾನು. ಬೇಡ ಸ್ವಾಮಿ ಎಂದವರ ಮುಖ ಒಂದಾದರೂ ಆಗ ನೋಡಿದ್ದೆನೇ? ‘ಸ್ಥಳ ತೋರಿಸಿದವರು’ ಎಂದು ಬರೆದು, ಮುಂದೆ ನನ್ನ ಹೆಸರು, ತಂದೆಯ ಹೆಸರು, ಊರು, ಪೂರ್ತಿ ವಿಳಾಸ ಬರೆದೆ. ಕೆಳಗೆ ಸಹಿ ಹಾಕಿದೆ.